ಗಣಿತಾಚಾರ್ಯ ಮಹಾವೀರರು

ಕಳೆದ ವರ್ಷ ನಾಲ್ಕನೆಯ ತರಗತಿಯಲ್ಲಿ ನಾವು ಒಂದು ಲೆಕ್ಕವನ್ನು ಕೊಟ್ಟಿದ್ದೆವು. ಬಸ್ಸೊಂದರಲ್ಲಿ ಒಟ್ಟು 42 ಮಂದಿ ಪ್ರಯಾಣಿಕರಿದ್ದರು. ಅವರಲ್ಲಿ 17 ಮಂದಿ ಶಂಶಾಬಾದಿನಲ್ಲಿ ಹತ್ತಿದವರು. ಅದಕ್ಕೆ ಮೊದಲೇ ಬಸ್ಸಿನಲ್ಲಿದ್ದವರು ಎಷ್ಟು ಮಂದಿ? ಒಟ್ಟು ಎಂಬ ಮಾತು ಕಣ್ಣಿಗೆ ಬಿದ್ದೊಡನೆಯೇ ಹಲವರು 42ಕ್ಕೆ 17ನ್ನು ಕೂಡಿಸಿ 59 ಎಂದು ಬರೆದರು. ಕೂಡುವುದರಲ್ಲಿ ಅವರಾರೂ ತಪ್ಪಿರಲಿಲ್ಲ, ತಪ್ಪಿದ್ದುದು ಓದುವುದರಲ್ಲಿ. 17ಕ್ಕೆ ಎಷ್ಟನ್ನು ಕೂಡಿದರೆ 42 ಆಗುವುದೆಂಬುದೇ ಅಲ್ಲಿಯ ಪ್ರಶ್ನೆಯಾಗಿತ್ತು. ಗಣಿತವು ತನಗೆ ಬಾರದ ವಿದ್ಯೆಯೆಂದು ಅಂದು ಒಬ್ಬ ಬಾಲಕನು ಕಣ್ಣೀರು ಹಾಕಿದನು. ಈ ಚರಿತ್ರೆಯನ್ನು ನಾವು ಮುಖ್ಯವಾಗಿ ಅವನಿಗಾಗಿ ಬರೆಯುತ್ತಿದ್ದೇವೆ.

ಶಂಶಾಬಾದಿನಿಂದ ಹೆಚ್ಚುಕಡಿಮೆ ನೇರವಾಗಿ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರು ದೂರದಲ್ಲಿ, ಕಾಗಿಣಾ ನದಿಯ ದಡದಲ್ಲಿ, ಮಳಖೇಡವೆಂಬ ಊರಿದೆ. ಇಂದು ಅದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿಗೆ ಸೇರಿದೆ. 1956ರವರೆಗೆ ಹೈದರಾಬಾದು ಸಂಸ್ಥಾನದಲ್ಲಿಯೇ ಇದ್ದಿತು. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂದರೆ ಇದೇ. ಕ್ರಿ. ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ಕವಿರಾಜಮಾರ್ಗವು ಹುಟ್ಟಿತು. ಮಹಾವೀರಾಚಾರ್ಯರು ಆ ಕಾಲದವರೇ. ಅವರು ಜೈನರು. ತಮ್ಮ ಗ್ರಂಥದ ಮೊದಲಲ್ಲಿ ಜಿನನಿಗೆ ವಂದಿಸಿ, ನೃಪತುಂಗನನ್ನು ಹೊಗಳಿದ್ದಾರೆ. ತಮ್ಮ ತಾಯ್ತಂದೆಗಳನ್ನಾಗಲಿ ಹುಟ್ಟೂರನ್ನಾಗಲಿ ಹೆಸರಿಸಿಲ್ಲ. ಆದುದರಿಂದ ಅವರ ಬಾಳನ್ನು ಅವರ ಗ್ರಂಥದಿಂದಲೇ ನಾವು ಅರಿಯಬೇಕಾಗಿದೆ.

ಆ ಗ್ರಂಥವೇ ಸುಮಾರು 850ರಲ್ಲಿ ರಚಿತವಾದ ಗಣಿತಸಾರಸಂಗ್ರಹ. ಅದರಲ್ಲಿ ಒಂಬತ್ತು ಅಧ್ಯಾಯಗಳೂ 1,100ಕ್ಕೂ ಹೆಚ್ಚು ಸಂಸ್ಕೃತ ಶ್ಲೋಕಗಳೂ ಇವೆ. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಗ್ರಹನಕ್ಷತ್ರಗಳ ಗ್ರಂಥಗಳೊಳಗೆ ಕೆಲವು ಅಧ್ಯಾಯಗಳಾಗಿ ಸೇರಿಸಿದ್ದರು. ಆಚಾರ್ಯರಾದರೋ ಗಣಿತಕ್ಕೆಂದೇ ಗ್ರಂಥವನ್ನು ಬರೆದರು. ಅಡಿಗೆಯಲ್ಲಿ, ವೈದ್ಯದಲ್ಲಿ, ಸಂಗೀತದಲ್ಲಿ, ಮನೆ ಕಟ್ಟುವುದರಲ್ಲಿ ಎಲ್ಲಿಯೂ ಲೆಕ್ಕವಿಲ್ಲದೆ ಸಾಗದೆಂದು ಅವರು ಮೊದಲಲ್ಲಿಯೇ ಹೇಳುತ್ತಾರೆ.

ಇಲ್ಲೊಂದು ವಿಶೇಷವನ್ನು ಗಮನಿಸಿರಿ. ಅವರು ಎಂಟು ಪರಿಕರ್ಮಗಳನ್ನು ಬೋಧಿಸುತ್ತಾರೆ: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಶ್ರೇಢಿಗಳ ಸಂಕಲಿತ, ಶ್ರೇಢಿಗಳ ವ್ಯುತ್ಕಲಿತ. ಎರಡು ಸಂಖ್ಯೆಗಳನ್ನು ಸುಮ್ಮನೆ ಕೂಡುವ ವಿಧಾನವು ಈ ಎಂಟರಲ್ಲಿ ಇಲ್ಲವೇ ಇಲ್ಲ! ಅಷ್ಟು ಬಲ್ಲವನೇ ತಮ್ಮ ಬಳಿಗೆ ಬರುವನೆಂದು ಅವರು ಎಣಿಸಿದ್ದಿರಬೇಕು. ಯಾವುದಕ್ಕೆ ಯಾವುದನ್ನು ಕೂಡಬೇಕೆಂಬ ವಿವೇಕವನ್ನು ಕಲಿಸುವುದಕ್ಕಾದರೋ ಮಾತಿನ ಲೆಕ್ಕಗಳನ್ನು ರಾಶಿರಾಶಿಯಾಗಿ ಕೊಟ್ಟಿದ್ದಾರೆ.

ಒಂದನ್ನು ನೋಡೋಣ. 9 ಮಾದಲದ ಹಣ್ಣು, 7 ಬೇಲದ ಹಣ್ಣು ಇವುಗಳ ಒಟ್ಟು ಬೆಲೆ 107. 7 ಮಾದಲ, 9 ಬೇಲ ಇವುಗಳ ಒಟ್ಟು ಬೆಲೆ 101. ಒಂದೊಂದು ಹಣ್ಣಿನ ಬೆಲೆಯೆಷ್ಟು? ಎರಡು ರಾಶಿಗಳನ್ನೂ ಕೂಡಿರಿ. 16 ಮಾದಲಕ್ಕೂ 16 ಬೇಲಕ್ಕೂ ಸೇರಿ 208 ಆಯಿತು. ಆದುದರಿಂದ ಒಂದು ಮಾದಲ, ಒಂದು ಬೇಲ ಸೇರಿ 13. ಇನ್ನು ಮೊದಲನೆಯ ರಾಶಿಯಲ್ಲಿ ಮಾದಲ ಎರಡು ಹೆಚ್ಚು, ಬೇಲ ಎರಡು ಕಡಿಮೆ. ಬೆಲೆ 6 ಹೆಚ್ಚು. ಎಂದರೆ ಬೇಲಕ್ಕಿಂತ ಮಾದಲಕ್ಕೆ 3 ಹೆಚ್ಚು. ಮಾದಲ 8, ಬೇಲ 5. ಉತ್ತರವನ್ನು ಪರೀಕ್ಷಿಸುವುದೂ ಕೂಡಿಯೇ: 72ಕ್ಕೆ 35 ಸೇರಿದರೆ 107, 56ಕ್ಕೆ 45 ಸೇರಿದರೆ 101.

ಮತ್ತೊಂದರಲ್ಲಿ ಮೂವರು ವರ್ತಕರಿಗೆ ದಾರಿಯಲ್ಲಿ ಹಣದ ಚೀಲವೊಂದು ಕಾಣುತ್ತದೆ. ಅದು ತನಗಾದರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನದಾಗುವುದೆಂದು ಮೊದಲನೆಯವನು, ಮೂರರಷ್ಟೆಂದು ಎರಡನೆಯವನು, ಐದರಷ್ಟೆಂದು ಮೂರನೆಯವನು ಹೇಳುತ್ತಾರೆ. ಚೀಲದಲ್ಲಿ 15, ಅವರ ಕೈಯಲ್ಲಿ ಕ್ರಮವಾಗಿ 1, 3, 5 ಇದ್ದರೆ ಮೂವರ ಮಾತೂ ನಿಜವಾಗುತ್ತದೆ. ಕೂಡಿ ನೋಡಿರಿ. (ಚೀಲವನ್ನು ಕಳೆದುಕೊಂಡವನ ಚಿಂತೆ ಆ ಮೂವರಲ್ಲಿ ಒಬ್ಬರಿಗೂ ಇದ್ದಂತೆ ತೋರುವುದಿಲ್ಲ.)

ಆಚಾರ್ಯರಿಗೆ ಸಂಖ್ಯೆಗಳೆಂದರೆ ಒಡವೆಗಳ ಹಾಗೆ. 142857143ನ್ನು 7ರಿಂದ ಗುಣಿಸಿದರೆ 1000000001 ಬರುವುದನ್ನು ತೋರಿಸಿ, ಅದನ್ನು ಕೊರಳ ಆಭರಣವೆಂದು ಕರೆದಿದ್ದಾರೆ. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಬರೆದವರು ಅವರು. ಹಾಗೆಂದು ಅವರು ತಪ್ಪದವರೇನೂ ಅಲ್ಲ: ಸೊನ್ನೆಯಿಂದ ಭಾಗಿಸಿದರೂ ಸಂಖ್ಯೆಯು ಹಾಗೆಯೇ ಉಳಿಯುವುದೆಂದು ಬರೆದುಬಿಟ್ಟಿದ್ದಾರೆ, ಅದು ಸರಿಯಲ್ಲ. ಅಷ್ಟು ದೊಡ್ಡವರೂ ತಪ್ಪಿದರೆಂಬುದನ್ನು ಆ ಬಾಲಕನಿಗೆ ಹೇಳಿದಾಗ ಅವನ ಮುಖವರಳಿತು.

ಈ ಗ್ರಂಥವನ್ನು ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಪ್ರಕಟವಾಯಿತು.

ಈ ವರ್ಷ ಐದನೆಯ ತರಗತಿಗೆ ಬಂದಿರುವ ಆ ಬಾಲಕನಿಗೆ ನಾವು ಹಣ್ಣಿನ ಲೆಕ್ಕವನ್ನು ಬರೆದುಕೊಟ್ಟೆವು. ಅವನು ಪೆನ್ಸಿಲನ್ನು ಮುಟ್ಟದೆ ಅದನ್ನು ಎರಡು ಸಲ ಓದಿದನು. ಆಮೇಲೆ, ಬೇಲದ ಹಣ್ಣೆಂದರೆ ಯಾವುದೆಂದು ಕೇಳಿದನು. ಗಣೇಶನ ಹಬ್ಬಕ್ಕೆ ಇಲ್ಲಿಯ ಅಂಗಡಿಗಳಲ್ಲಿ ಮಾರುವ ವೆಲಗಕಾಯಿಯೇ ಅದೆಂದು ತಿಳಿಸಿದೆವು.