ಪದ್ಮಿನಿ ಕಾರಿನ ಹಿಂದೆ ವಾಲಚಂದ್ ಹೀರಾಚಂದ್

ಕುಪ್ಪೇಲೂರು: ಹಳೆಯ ಪ್ರೀಮಿಯರ್ ಪದ್ಮಿನಿ ಕಾರನ್ನು ದುರಸ್ತಿಗೆ ಎತ್ತಿಕೊಂಡ ಮನೆಯಲ್ಲಿ ಮೊದಲು ಹುಟ್ಟುವುದು ವಾಗ್ವಾದ. ಮೂಲ ಬಣ್ಣ, ಸ್ಟೀರಿಂಗ್ ಪಕ್ಕದ ಗೇರು, 1089 ಸಿ.ಸಿ. ಎಂಜಿನ್ ಯಾವುದನ್ನೂ ಮುಟ್ಟಕೂಡದೆಂಬುದು ಒಂದು ಪಕ್ಷ. ಬೇರೆ ಎಂಜಿನ್ ಕೂರಿಸಿ, ಎ.ಸಿ. ಹಾಕಿಸಿ, ರಾಣೆಬೆನ್ನೂರಿನಿಂದ ಹಾವೇರಿಗೆ ನೆಮ್ಮದಿಯಾಗಿ ಓಡಿಸಿದರಲ್ಲವೇ ಕಾರು ಎಂಬುದು ಇನ್ನೊಂದು ಪಕ್ಷ. 2021ರ ಕೇಂದ್ರ ನಿಯಮವು ಮೊದಲ ಪಕ್ಷಕ್ಕೆ ಬಲ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ಮೂಲ ಸ್ವರೂಪದಲ್ಲಿಯೇ ಉಳಿದಿದ್ದರೆ ಮಾತ್ರ ‘ವಿಂಟೇಜ್’ ಮನ್ನಣೆ. ತಮಾಷೆಯೆಂದರೆ, ಆ ಮನ್ನಣೆ ಪಡೆದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ!

ಇಷ್ಟಕ್ಕೂ, ವಿನ್ಯಾಸ ಇಟಲಿಯದು, ತಯಾರಿಕೆ ಮುಂಬಯಿಯದು ಆಗಿರುವ ಈ ಕಾರಿನಲ್ಲಿ ‘ಅಸಲಿ’ ಯಾವುದು? ಉತ್ತರಕ್ಕಾಗಿ ಪ್ರೀಮಿಯರ್ ಕಾರ್ಖಾನೆಯನ್ನು ಕಟ್ಟಿದ ವಾಲಚಂದ್ ಹೀರಾಚಂದರ ಬದುಕನ್ನು ನೋಡಬೇಕು.

ಕನ್ನಡವೂ ಬಳಕೆಯಲ್ಲಿರುವ ಗಡಿ ಪಟ್ಟಣ ಸೊಲ್ಲಾಪುರದಲ್ಲಿ, ಗುಜರಾತಿ ಮೂಲದ ಜೈನ ವ್ಯಾಪಾರಿ ಮನೆತನದಲ್ಲಿ 1882ರ ನವೆಂಬರ್ 23ರಂದು ಅವರು ಜನಿಸಿದರು. ಮನೆಯ ಹತ್ತಿ ಮತ್ತು ಲೇವಾದೇವಿ ವ್ಯವಹಾರ ಅವರಿಗೆ ಹಿಡಿಸಲಿಲ್ಲ. ರೈಲ್ವೆಯ ಗುತ್ತಿಗೆ ಕಾಮಗಾರಿಗೆ ಇಳಿದರು. 1919ರಲ್ಲಿ ಸಿಂಧಿಯಾ ಹಡಗು ಕಂಪನಿಯ ಸ್ಥಾಪಕರಲ್ಲೊಬ್ಬರಾದರು. ಬ್ರಿಟಿಷ್ ಹಡಗು ಕಂಪನಿಗಳು ಆಳುತ್ತಿದ್ದ ಸಮುದ್ರದಲ್ಲಿ ಅವರ ‘ಲಾಯಲ್ಟಿ’ ಹಡಗು ಆ ವರ್ಷದ ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು.

ಮೋಟಾರಿನ ಕನಸು ಮಾತ್ರ ಕನ್ನಡ ನಾಡಿನವರಿಂದ ಬಂದದ್ದು. ಎಪ್ಪತ್ತು ದಾಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿಬಂದು ಸ್ವದೇಶಿ ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದ್ದರು. ವಾಲಚಂದ್ ಅದನ್ನು ಕೈಗೆತ್ತಿಕೊಂಡರು. ಫೋರ್ಡ್ ಜತೆಗಿನ ಮಾತುಕತೆ ಫಲಿಸಲಿಲ್ಲ, ಕ್ರೈಸ್ಲರ್ ಒಪ್ಪಿತು. ಕಾರ್ಖಾನೆ ಬೆಂಗಳೂರಿನಲ್ಲಿಯೇ ಏಳುವುದಿತ್ತು. ಮೈಸೂರು ಸರ್ಕಾರ ಬೆಂಬಲಕ್ಕೆ ನಿಂತಿತ್ತು. ಯುದ್ಧಕಾಲದ ಬ್ರಿಟಿಷ್ ಭಾರತ ಸರ್ಕಾರ ಒಪ್ಪದ ಕಾರಣ ಮೈಸೂರು ಹಿಂದೆ ಸರಿಯಬೇಕಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಇದು ನೋವಿನ ಸಂಗತಿಯೇ. ಕಾರಿನ ಬದಲು ವಾಲಚಂದರ ವಿಮಾನ ಕಾರ್ಖಾನೆ ಬಂದಿತು: 1940ರ ಡಿಸೆಂಬರಿನಲ್ಲಿ ಆರಂಭವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್, ಇಂದಿನ ಎಚ್‌ಎಎಲ್.

ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾದದ್ದು 1944ರಲ್ಲಿ, ಮುಂಬಯಿಯಲ್ಲಿ. ಅಲ್ಲಿ ಜನರಲ್ ಮೋಟಾರ್ಸ್ 1928ರಿಂದಲೇ ಹೊರಗಿನ ಬಿಡಿಭಾಗ ತಂದು ಕಾರು ಜೋಡಿಸುತ್ತಿತ್ತು. ವಾಲಚಂದರಿಗೆ ಬೇಕಿದ್ದುದು ಜೋಡಣೆಯಲ್ಲ, ತಯಾರಿಕೆ. ಅಂದರೆ ವಿದೇಶಿ ಭಾಗಗಳ ಜಾಗದಲ್ಲಿ ಒಂದೊಂದಾಗಿ ಇಲ್ಲಿಯವನ್ನು ತರುವುದು. ಹೀಗೆ ನೋಡಿದರೆ, ಕುರ್ಲಾದಲ್ಲಿ ತಯಾರಾದ ಬಿಡಿಭಾಗವನ್ನು ಕಿತ್ತು ಇಟಲಿಯಿಂದ ತರಿಸಿ ಹಾಕುವವರು ಕಾರನ್ನು ಅಸಲಿಯಾಗಿಸುತ್ತಿದ್ದಾರೆಯೇ, ನಕಲಿಯಾಗಿಸುತ್ತಿದ್ದಾರೆಯೇ? ನಮಗಂತೂ ಎರಡನೆಯದೇ ಸರಿಯೆನಿಸುತ್ತದೆ. ಎಂಜಿನ್ನನ್ನೇ ಬದಲಿಸುವ ಮಾತು ಬೇರೆ. ಅದಕ್ಕೆ ವಾಲಚಂದರ ಹೆಸರು ಹೇಳಿ ತಪ್ಪಿಸಿಕೊಳ್ಳಲಾಗದು.

1949ರಲ್ಲಿ ಪಾರ್ಶ್ವವಾಯು ಬಡಿಯಿತು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ತೀರಿಕೊಂಡರು. ಆ ಹೊತ್ತಿಗೆ ಫಿಯಟ್ ಸಂಬಂಧ ಕುದುರಿತ್ತಾದರೂ, ಅವರ ಕಾರ್ಖಾನೆಗೆ ಮನೆಮಾತಿನ ಹೆಸರು ತಂದ ಕಾರನ್ನು ಅವರು ಕಾಣಲಿಲ್ಲ. 1100 ಡಿಲೈಟ್ ಬಂದದ್ದು 1964ರಲ್ಲಿ. ಅದೇ ಕಾರು ಮುಂದೆ ‘ಪ್ರೆಸಿಡೆಂಟ್’, 1974ರಲ್ಲಿ ‘ಪದ್ಮಿನಿ’ಯಾಯಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಆ ಹೆಸರು ಹೊತ್ತ ಮೊದಲ ಕಾರುಗಳಿಗೆ ಈಗ 50 ತುಂಬಿದೆ. ಮೂಲ ಎಂಜಿನ್ ಉಳಿಸಿಕೊಂಡವರು ‘ವಿಂಟೇಜ್’ ನೋಂದಣಿಗೆ ಅರ್ಜಿ ಹಾಕಬಹುದು.