ಗ್ರೆಚ್ಚೊದ ಗೋದಲಿ

ಆಗಮನ ಕಾಲವು ನಿರೀಕ್ಷೆಯ ಕಾಲ. ಈ ನಿರೀಕ್ಷೆಯಲ್ಲಿ ಹುಲ್ಲು, ಹಸು, ಕಾಡುಗಳನ್ನೂ ಜೊತೆಗೂಡಿಸಿಕೊಂಡವರು ಅಸ್ಸಿಸಿಯ ಸಂತ ಫ್ರಾನ್ಸಿಸರು.

ಸುಮಾರು 1182ರಲ್ಲಿ ಇಟಲಿಯ ಅಸ್ಸಿಸಿಯಲ್ಲಿ ಜವಳಿ ವರ್ತಕನ ಮಗನಾಗಿ ಜನಿಸಿದ ಅವರು, ತಂದೆಯ ಸಿರಿಯನ್ನು ತೊರೆದು ಬಡತನವನ್ನು ವರಿಸಿದರು. 1223ರಲ್ಲಿ, ಕ್ರಿಸ್ತ ಜಯಂತಿಗೆ ಎರಡು ವಾರಗಳಿರುವಾಗ, ಗ್ರೆಚ್ಚೊ ಎಂಬ ಬೆಟ್ಟದೂರಿನ ಗೆಳೆಯ ಜಿಯೊವಾನ್ನಿಗೆ ಹುಲ್ಲು ತುಂಬಿದ ಗೋದಲಿಯನ್ನೂ ಎತ್ತು, ಕತ್ತೆಗಳನ್ನೂ ಅಣಿಗೊಳಿಸುವಂತೆ ಹೇಳಿಕಳುಹಿಸಿದರು. ಆ ರಾತ್ರಿ ಸುತ್ತಲಿನ ಜನರು ದೀವಟಿಗೆ ಹಿಡಿದು ಬಂದರು. ಗೋದಲಿಯ ಮೇಲೆಯೇ ಬಲಿಪೂಜೆ ನೆರವೇರಿತು. ಫ್ರಾನ್ಸಿಸರು ಶುಭಸಂದೇಶವನ್ನು ಹಾಡಿದರು.

ಬಳಿಕ ಅವರ ಕಣ್ಣಿನ ವ್ಯಾಧಿ ಉಲ್ಬಣಿಸಿತು. 1225ರಲ್ಲಿ, ಬೆಳಕನ್ನೇ ಸಹಿಸಲಾಗದ ಸ್ಥಿತಿಯಲ್ಲಿ, ಸೂರ್ಯನನ್ನು ಸೋದರನೆಂದೂ ನೀರನ್ನು ಸೋದರಿಯೆಂದೂ ಭಾವಿಸಿ ಸೃಷ್ಟಿಯ ಸ್ತುತಿಗೀತೆಯನ್ನು ರಚಿಸಿದರು. ಅವರು ಸೃಷ್ಟಿಯನ್ನೇ ದೇವರೆಂದು ಪೂಜಿಸಲಿಲ್ಲ. ಸೃಷ್ಟಿಯ ಮೂಲಕ ಸೃಷ್ಟಿಕರ್ತನನ್ನು ಕಂಡರು. ಆದ್ದರಿಂದಲೇ ದೃಷ್ಟಿ ಅಳಿದರೂ ದರ್ಶನ ಅಳಿಯಲಿಲ್ಲ.

1226ರ ಅಕ್ಟೋಬರ್ 3ರಂದು, ತಮ್ಮನ್ನು ಬರಿನೆಲದ ಮೇಲೆ ಮಲಗಿಸುವಂತೆ ಕೇಳಿಕೊಂಡು, ದೈವಾಧೀನರಾದರು. 1979ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಅವರನ್ನು ಪರಿಸರ ಪ್ರೇಮಿಗಳ ಪಾಲಕ ಸಂತರೆಂದು ಘೋಷಿಸಿದರು.

ಪ್ರಿಯರೇ, ಮನೆಯ ಗೋದಲಿಗೆ ಹುಲ್ಲು ಹಾಸುವ ಮುನ್ನ ಅದನ್ನೊಮ್ಮೆ ಕೈಯಲ್ಲಿ ಹಿಡಿದು ಮೌನವಾಗಿರೋಣ. ಫ್ರಾನ್ಸಿಸರ ಪ್ರಾರ್ಥನೆ ಅಲ್ಲಿಂದಲೇ ಆರಂಭವಾಗುತ್ತಿತ್ತು.