ಕಲ್ಯಾಣದ ಅರಿವಿನ ಮನೆ

ಕಲಬುರ್ಗಿಯಿಂದ ಹುಮನಾಬಾದಿನತ್ತ ಸಾಗುವ ಹೆದ್ದಾರಿಯು ಮಹಾಗಾಂವ ಕ್ರಾಸನ್ನೂ ಕಮಲಾಪುರವನ್ನೂ ದಾಟಿ ಮುಂದುವರಿಯುತ್ತದೆ. ಬಸವಕಲ್ಯಾಣಕ್ಕೆ ಹೋಗುವ ಭಕ್ತರಿಗೆ ಇದು ಚಿರಪರಿಚಿತವಾದ ದಾರಿ. ಎಂಟುನೂರು ವರ್ಷಗಳಿಗೂ ಹಿಂದೆ ಈ ಸೀಮೆಯ ಕರಿಯ ನೆಲವನ್ನು ತುಳಿದು ನೇಕಾರರು, ಅಂಬಿಗರು, ಮಡಿವಾಳರು, ಚಮ್ಮಾರರು, ಗರತಿಯರು ಕಲ್ಯಾಣದತ್ತ ನಡೆದರು. ಅವರು ಹೋದುದು ತೀರ್ಥಸ್ನಾನಕ್ಕಲ್ಲ, ಅರಸನ ದರ್ಶನಕ್ಕೂ ಅಲ್ಲ. ಅಲ್ಲಿ ಕಲಿಯುವುದಕ್ಕೆ ಒಂದು ಮನೆಯಿದೆ, ಆ ಮನೆಯ ಬಾಗಿಲಲ್ಲಿ ಯಾರನ್ನೂ ಕುಲ ಕೇಳಿ ನಿಲ್ಲಿಸುವುದಿಲ್ಲ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಆ ಮನೆಯನ್ನು ತೆರೆದವರು ಬಸವಣ್ಣನವರು.

ಬಾಗೇವಾಡಿಯ ಅಗ್ರಹಾರದಲ್ಲಿ ಮಾದರಸ ಮಾದಲಾಂಬಿಕೆಯರ ಮಗನಾಗಿ ಅವರು ಬೆಳೆದರು. ಜನ್ಮವರ್ಷದ ವಿಷಯದಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. 12ನೆಯ ಶತಮಾನದ ಪೂರ್ವಾರ್ಧವೆಂಬಷ್ಟು ನಿಶ್ಚಿತ. ಜನಿವಾರದ ವಿಷಯದಲ್ಲಿಯೂ ಕವಿಗಳ ಮಾತು ಒಂದೇ ಆಗಿಲ್ಲ. ಉಪನಯನವನ್ನೇ ಬಾಲಕನು ಒಲ್ಲೆನೆಂದನೆಂದು ಭೀಮಕವಿ ಹೇಳಿದರೆ, ಹರಿಹರನ ಬಸವಣ್ಣನು ಹರೆಯಕ್ಕೆ ಬಂದ ಮೇಲೆ ಅದನ್ನು ಕಿತ್ತೊಗೆದು ಮನೆ ಬಿಡುತ್ತಾನೆ. ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರ ತನಗೇಕೆಂದು ಬಾಲಕನು ತಂದೆಯನ್ನು ಕೇಳಿದನೆಂಬುದು ಜನರ ಬಾಯಲ್ಲಿ ಬೆಳೆದು ಬಂದ ಕಥೆ. ಅದು ನಡೆದಿರಲಿ, ನಡೆಯದಿರಲಿ, ಅವರ ಮುಂದಿನ ಬಾಳಿಗೆ ಅದಕ್ಕಿಂತ ಒಪ್ಪುವ ಪೀಠಿಕೆ ಬೇರೊಂದಿಲ್ಲ. ಕಲಿಕೆಯ ಹಕ್ಕನ್ನು ಅಂದಿನ ಸಮಾಜ ಒಂದು ನೂಲಿನ ಎಳೆಗೆ ಕಟ್ಟಿಹಾಕಿತ್ತು. ಆ ಎಳೆ ಹೆಂಗಸರಿಗಿಲ್ಲ, ಶೂದ್ರರಿಗಿಲ್ಲ, ಊರ ಹೊರಗಿನ ಕೇರಿಯವರಿಗಂತೂ ಅದರ ಕನಸೂ ಇಲ್ಲ.

ಮನೆ ಬಿಟ್ಟ ತರುಣನು ಕೃಷ್ಣಾ ಮಲಪ್ರಭೆಯರ ಕೂಡಲಸಂಗಮಕ್ಕೆ ಹೋಗಿ ಅಲ್ಲಿಯ ಗುರುಗಳ ಆಶ್ರಯದಲ್ಲಿ ಹಲವು ವರ್ಷ ಅಭ್ಯಾಸ ಮಾಡಿದನು. ಅಲ್ಲಿಂದ ಮಂಗಳವಾಡಕ್ಕೆ ಬಂದು ಬಿಜ್ಜಳನ ಭಂಡಾರದಲ್ಲಿ ಕರಣಿಕನಾದನು. ಲೆಕ್ಕದಲ್ಲಿ ಚತುರ, ಕೈಯಲ್ಲಿ ಶುದ್ಧ. ಅಂಥವನು ಭಂಡಾರಿಯ ಪದವಿಗೆ ಏರಿದುದರಲ್ಲಿ ಆಶ್ಚರ್ಯವಿಲ್ಲ. ಚಾಲುಕ್ಯರ ಸಾಮಂತನಾಗಿದ್ದ ಬಿಜ್ಜಳನು ಕಲ್ಯಾಣದ ಅಧಿಕಾರವನ್ನು ಕೈವಶ ಮಾಡಿಕೊಂಡು 1162ರ ಸುಮಾರಿಗೆ ಚಕ್ರವರ್ತಿಯ ಬಿರುದುಗಳನ್ನು ಧರಿಸಿದನು. ಗಂಗಾಂಬಿಕೆ ನೀಲಾಂಬಿಕೆಯರೊಡನೆ ಬಸವಣ್ಣನವರ ಸಂಸಾರವೂ ಕಲ್ಯಾಣಕ್ಕೆ ಬಂದಿತು. ರಾಜಕಾರಣದ ಈ ಭಾಗವನ್ನು ಇಲ್ಲಿಗೆ ಬಿಡಬಹುದು. ಭಂಡಾರಿಯ ಗಾದಿಗಿಂತ ಅವರ ಮನೆಯ ಪಡಸಾಲೆಯಲ್ಲಿ ನಡೆದ ಕಾರ್ಯವೇ ದೊಡ್ಡದು.

ಆ ಪಡಸಾಲೆಗೆ ಮಹಾಮನೆಯೆಂದು ಹೆಸರಾಯಿತು. ಶರಣರು ಕೂಡಿ ಅನುಭಾವವನ್ನು ಚರ್ಚಿಸಿದ ಸ್ಥಾನಕ್ಕೆ ಅನುಭವ ಮಂಟಪವೆಂದು ಹೆಸರು. ಅದು ಕಲ್ಲು ಕಂಬದ ಕಟ್ಟಡವಾಗಿತ್ತೋ ಇಲ್ಲವೆ ಕೂಡಿದ ಜನರ ಗೋಷ್ಠಿಗೇ ಆ ಹೆಸರು ಬಂದಿತೋ ಎಂಬ ಬಗ್ಗೆ ಪಂಡಿತರಲ್ಲಿ ಚರ್ಚೆಯುಂಟು. ಅದರ ವಿಸ್ತಾರವಾದ ವರ್ಣನೆ ದೊರೆಯುವುದು 15ನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ. ಗೋಡೆಯ ವಿಷಯದಲ್ಲಿ ಎಷ್ಟೇ ಸಂದೇಹವಿದ್ದರೂ ಅಲ್ಲಿ ಕೂಡಿದವರ ಮಾತುಗಳು ಉಳಿದಿವೆ. ಕೂಡಿದವರಾರೆಂಬುದನ್ನು ಆ ಮಾತುಗಳೇ ಸಾರುತ್ತವೆ. ಮಡಿವಾಳ ಮಾಚಯ್ಯನವರು ಬಟ್ಟೆ ಒಗೆಯುವವರು. ಹಡಪದ ಅಪ್ಪಣ್ಣನವರು ಬಸವಣ್ಣನವರ ಬಳಿಯಲ್ಲಿಯೇ ಸೇವೆಯಲ್ಲಿದ್ದವರು. ಅಂಬಿಗರ ಚೌಡಯ್ಯನವರು ದೋಣಿ ನಡೆಸುವವರು; ಅವರ ನಾಲಿಗೆಯ ಹರಿತಕ್ಕೆ ಮಂಟಪದ ಹಿರಿಯರೂ ಅಂಜುತ್ತಿದ್ದಿರಬೇಕು! ಡೋಹರ ಕಕ್ಕಯ್ಯನವರು ತೊಗಲು ಹದ ಮಾಡುವವರು. ಸತ್ಯಕ್ಕನವರು ಅಂಗಳದ ಕಸ ಗುಡಿಸುವವರು. ಮುವ್ವತ್ತಕ್ಕೂ ಮಿಕ್ಕಿ ಹೆಂಗಸರು ವಚನಗಳನ್ನು ರಚಿಸಿದರು. ಅಂದಿನ ಪ್ರಪಂಚದಲ್ಲಿ ಒಂದೇ ನಾಡಿನ ಒಂದೇ ಕಾಲದ ಇಷ್ಟು ಮಂದಿ ಸ್ತ್ರೀಯರ ಬರಹ ಒಟ್ಟಿಗೆ ದೊರೆಯುವುದು ವಿರಳ. ಇಷ್ಟು ಜನರ ನಡುವೆ ಶೂನ್ಯಸಿಂಹಾಸನದಲ್ಲಿ ಕುಳಿತವರು ಭಂಡಾರಿ ಬಸವಣ್ಣನವರಲ್ಲ, ಮದ್ದಳೆಯ ಕಾಯಕದಿಂದ ಬಂದ ಅಲ್ಲಮಪ್ರಭುಗಳು.

ಈ ಶಾಲೆಯ ಬೋಧನಕ್ರಮವು ವಿಶಿಷ್ಟವಾದುದು. ಪಾಠದ ಭಾಷೆ ಕನ್ನಡ, ಅದೂ ಸಂತೆಯಲ್ಲಿ, ಹೊಲದಲ್ಲಿ ಆಡುವ ಕನ್ನಡ. ಸಂಸ್ಕೃತವನ್ನು ಅರಿಯದವನು ಮೂಲೆಗೆ ಸರಿಯಬೇಕಾಗಿರಲಿಲ್ಲ. ತನ್ನ ಕಾಯಕದ ಉಪಕರಣಗಳನ್ನೇ ಉಪಮಾನವಾಗಿಸಿ ಪ್ರತಿಯೊಬ್ಬರೂ ನುಡಿದರು: ಅಂಬಿಗನಿಗೆ ಹುಟ್ಟು, ನೇಕಾರನಿಗೆ ಮಗ್ಗ. ನುಡಿದುದನ್ನು ಉಳಿದವರು ಪರೀಕ್ಷಿಸಿದರು. ಪರೀಕ್ಷೆಯಿಂದ ಬಸವಣ್ಣನವರೂ ಹೊರತಾಗಿರಲಿಲ್ಲ.

ನುಲಿಯ ಚಂದಯ್ಯನವರ ಕಥೆಯನ್ನು ನೋಡಬಹುದು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು ಅವರ ಕಾಯಕ. ಒಮ್ಮೆ ಅವರ ಹಗ್ಗಕ್ಕೆ ಬಸವಣ್ಣನವರು ಭಕ್ತಿಯ ಭರದಲ್ಲಿ ಮಿತಿಮೀರಿದ ಹೊನ್ನನ್ನು ಕೊಟ್ಟು ಕಳಿಸಿದರು. ಚಂದಯ್ಯನವರು ಹಿಗ್ಗಲಿಲ್ಲ, ಸಿಟ್ಟಾದರು. ಹಗ್ಗಕ್ಕೆ ಸಲ್ಲುವ ಬೆಲೆ ಎಷ್ಟೋ ಅಷ್ಟೇ ಸಾಕು, ಉಳಿದುದು ತಮ್ಮ ದುಡಿಮೆಯ ಅವಮಾನ ಎಂದು ಹೆಚ್ಚಿನದನ್ನು ಹಿಂದಿರುಗಿಸಿದರು. ಆಯ್ದಕ್ಕಿ ಮಾರಯ್ಯನವರ ಮನೆಯಲ್ಲಿಯೂ ಇಂಥದೇ ಪ್ರಸಂಗ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮನವರು ಒಲೆ ಹೊತ್ತಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹೊರಡಿಸಿದರು. ಮೇಲಿನವನು ಕರುಣೆಯಿಂದ ಕೆಳಕ್ಕೆ ಕೈ ಚಾಚುವುದು ಸಮಾನತೆಯಲ್ಲವೆಂಬುದನ್ನು ಮಂತ್ರಿಯು ಹಗ್ಗದವನಿಂದಲೂ ಅಕ್ಕಿ ಆಯುವವಳಿಂದಲೂ ಕಲಿತನು. ದಾನ ಮಾಡಿ ತೃಪ್ತಿಪಡುವ ಗೃಹಸ್ಥರಿಗೆ ಈ ಎರಡು ಕಥೆಗಳು ಇಂದಿಗೂ ಸ್ವಲ್ಪ ಇರಿಸುಮುರಿಸನ್ನು ತರದೆ ಇರವು.

ಹೀಗೆ ಕಲಿತುದು ಪಡಸಾಲೆಯೊಳಗೇ ಉಳಿದಿದ್ದರೆ ಊರಿನ ದೊಡ್ಡವರು ಸುಮ್ಮನಿರುತ್ತಿದ್ದರೇನೋ. ಅದು ಬೀದಿಗೆ ಬಂದಿತು, ಅಡುಗೆಮನೆಗೆ ಹೊಕ್ಕಿತು. ಕೇರಿಯ ಶರಣ ನಾಗಿದೇವನ ಮನೆಗೆ ಬಸವಣ್ಣನವರು ಹೋಗಿ ಪ್ರಸಾದ ಸ್ವೀಕರಿಸಿದರು. ಮಂತ್ರಿಯೇ ಹೊಲೆಗೇರಿಯಲ್ಲಿ ಉಂಡು ಬಂದು ಆಸ್ಥಾನವನ್ನು ಮೈಲಿಗೆ ಮಾಡುತ್ತಿದ್ದಾನೆಂಬ ದೂರು ಬಿಜ್ಜಳನ ಮುಂದೆ ಬಂದಿತು. ವಿಚಾರಣೆಯಲ್ಲಿ ಪವಾಡ ನಡೆದು ನಾಗಿದೇವನ ಹಿರಿಮೆ ಪ್ರಕಟವಾಯಿತೆಂದು ಪುರಾಣಗಳು ಹೇಳುತ್ತವೆ. ಪವಾಡವನ್ನು ಬದಿಗಿಟ್ಟು ನೋಡಿದರೂ, ಒಂದು ತುತ್ತು ಅನ್ನವು ಅರಸನ ನ್ಯಾಯಸ್ಥಾನದವರೆಗೆ ಹೋಗುವ ಕಾಲವದು ಎಂಬುದು ಮನದಟ್ಟಾಗುತ್ತದೆ. ಅಸ್ಪೃಶ್ಯತೆಯನ್ನು ಕಾನೂನಿನಿಂದ ತೊಡೆದುಹಾಕುವ ಭಾರತದ ಸಂವಿಧಾನ ಜಾರಿಗೆ ಬಂದುದು 1950ರಲ್ಲಿ. ಬಸವಣ್ಣನವರು ಆ ಮನೆಯ ಎಡೆಗೆ ಕುಳಿತು ಆಗಲೇ ಸುಮಾರು ಎಂಟು ಶತಮಾನಗಳಾಗಿದ್ದವು.

ಸಮಗಾರ ಹರಳಯ್ಯನವರ ಕಥೆ ಇದಕ್ಕಿಂತ ಕಠಿಣವಾದುದು. ಬೀದಿಯಲ್ಲಿ ಒಮ್ಮೆ ಅವರು ಶರಣೆಂದಾಗ ಬಸವಣ್ಣನವರು ಎರಡು ಸಲ ಶರಣೆಂದು ಕೈಮುಗಿದರಂತೆ. ಜನ್ಮದಲ್ಲಿ ಯಾರೂ ತನಗೆ ಕೈಮುಗಿದುದನ್ನು ಕಾಣದಿದ್ದ ಆ ಮನುಷ್ಯನಿಗೆ ಅದು ತೀರದ ಋಣವಾಯಿತು. ಸತಿ ಕಲ್ಯಾಣಮ್ಮನವರೂ ತಾವೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದರು. ಬಸವಣ್ಣನವರು ಅವುಗಳನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಮುಂದೆ ಹರಳಯ್ಯನವರ ಮಗ ಶೀಲವಂತನಿಗೂ, ಬ್ರಾಹ್ಮಣ ಕುಲದಿಂದ ಶರಣಮಾರ್ಗಕ್ಕೆ ಬಂದ ಮಧುವರಸರ ಮಗಳು ಲಾವಣ್ಯವತಿಗೂ ವಿವಾಹವಾಯಿತು. ಲಿಂಗವನ್ನು ಧರಿಸಿದ ಮೇಲೆ ಪೂರ್ವದ ಕುಲವಿಲ್ಲ. ಆದುದರಿಂದ ಆ ಇಬ್ಬರು ಬೀಗರಲ್ಲಿ ಮೇಲು ಕೀಳೆಂಬುದಿಲ್ಲ. ಮಂಟಪದಲ್ಲಿ ದಿನವೂ ಚರ್ಚಿತವಾದ ತತ್ತ್ವ ಇಲ್ಲಿ ಹಂದರದ ಕೆಳಗೆ ಬಂದು ನಿಂತಿತು.

ಕಲ್ಯಾಣ ತಲ್ಲಣಿಸಿತು. ಒಟ್ಟಿಗೆ ಕುಳಿತು ಮಾತಾಡುವುದನ್ನು ಹೇಗೋ ಸಹಿಸಿದ್ದ ಜನರಿಗೆ ಒಟ್ಟಿಗೆ ಬಾಳುವೆ ಮಾಡುವುದು ಸಹನೆಯಾಗಲಿಲ್ಲ. ಅರಸನ ಆಜ್ಞೆಯಿಂದ ಹರಳಯ್ಯ ಮಧುವರಸರ ಕಣ್ಣು ಕೀಳಿಸಲಾಯಿತೆಂದು ಹಳೆಯ ಪುರಾಣ ಹೇಳುತ್ತದೆ. ಅವರನ್ನು ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಲಾಯಿತೆಂಬುದು ನಾಡಿನ ಸ್ಮರಣೆ. ವಿವಾಹದ ವೃತ್ತಾಂತವು ವಿಸ್ತಾರಗೊಂಡುದು ನಂತರದ ಪುರಾಣಗಳಲ್ಲಿ. ಬಿಜ್ಜಳನನ್ನು ಕೇವಲ ದುಷ್ಟನೆಂದು ಚಿತ್ರಿಸುವುದೂ ಸರಿಯಾಗದು. ಅವನು ಜೈನನೆಂದು ಪುರಾಣಗಳು ಹೇಳಿದರೂ, ಅವನ ಕಾಲದ ಶಾಸನಗಳಲ್ಲಿ ಶಿವಾಲಯಗಳಿಗೆ ಬಿಟ್ಟ ದತ್ತಿಗಳಿವೆ. ಹೊಸದಾಗಿ ಸಿಂಹಾಸನವನ್ನು ಏರಿದ ಅರಸನಿಗೆ ಬಲವುಳ್ಳವರ ಮುನಿಸನ್ನು ಎದುರಿಸುವ ಧೈರ್ಯ ಇರಲಿಲ್ಲವೆಂದರೆ ಸಾಕು.

ಶರಣರ ಪಾಳೆಯದಲ್ಲಿಯೂ ಬಿರುಕು ಬಿಟ್ಟಿತು. ಸೇಡು ತೀರಿಸಬೇಕೆಂದು ಹಲವರ ರಕ್ತ ಕುದಿಯಿತು. ಬಸವಣ್ಣನವರು ಕಲ್ಯಾಣವನ್ನು ತೊರೆದು ಕೂಡಲಸಂಗಮಕ್ಕೆ ಹೊರಟರು. 1167-68ರ ಸುಮಾರಿಗೆ ಬಿಜ್ಜಳನು ಹತನಾದನು. ಜಗದೇವ, ಮಲ್ಲಿಬೊಮ್ಮ ಮೊದಲಾದವರ ಕೈಯಿಂದ ಅದು ನಡೆಯಿತೆಂದು ಪರಂಪರೆ. ಹಳೆಯ ಪುರಾಣಕಾರನು ಆ ಕೃತ್ಯಕ್ಕೆ ಭಕ್ತಿಯ ಸಮರ್ಥನೆಯನ್ನೇ ಒದಗಿಸಿದ್ದಾನೆ. ಆದರೆ ದಯೆಯನ್ನೇ ಧರ್ಮದ ಬೇರೆಂದು ಬಗೆದ ಬಸವಣ್ಣನವರ ವಚನಗಳನ್ನು ಓದಿದವರಿಗೆ ಆ ಸಮರ್ಥನೆ ಒಗ್ಗುವುದಿಲ್ಲ. ಹರಳಯ್ಯನವರ ಕಣ್ಣು ಅದರಿಂದ ಮರಳಿ ಬರಲಿಲ್ಲ; ಬಂದುದು ಸೈನ್ಯ. ಕಟ್ಟಲು ವರ್ಷಗಳೇ ಹಿಡಿದ ಅರಿವಿನ ಮನೆ ಕೆಲವೇ ದಿನಗಳಲ್ಲಿ ಬರಿದಾಯಿತು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ಉಳವಿಯತ್ತ ನಡೆದರು. ದಾರಿಯಲ್ಲಿ ಕಾದಾಟಗಳಾದವು, ಡೋಹರ ಕಕ್ಕಯ್ಯನವರು ಕಕ್ಕೇರಿಯಲ್ಲಿ ದೇಹವಿಟ್ಟರು. ಬಸವಣ್ಣನವರು ಸಂಗಮದಲ್ಲಿ ಲಿಂಗೈಕ್ಯರಾದರು. ಒಂದು ಶತಮಾನ ಕಳೆಯುವುದರೊಳಗೆ, 1260ರಲ್ಲಿ, ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಾಸನವು ಅವರ ಹೆಸರನ್ನು ಕಲ್ಲಿನಲ್ಲಿ ನೆನೆಯಿತು.

ಓಡುವವರು ಹೊತ್ತುಕೊಂಡು ಹೋದುದು ಹೊನ್ನಲ್ಲ, ತಾಳೆಯ ಗರಿ. ವಚನಗಳ ಕಟ್ಟುಗಳು ಕೈಯಿಂದ ಕೈಗೆ, ಮಠದಿಂದ ಮನೆಗೆ ಸರಿದು ಬಂದವು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರು ಅವುಗಳನ್ನು ಕೂಡಿಸಿ ವ್ಯಾಖ್ಯಾನಿಸುವ ಕಾರ್ಯದಲ್ಲಿ ತೊಡಗಿದರು. ಬಳಿಕ ಬಹುಕಾಲ ಅನೇಕ ಮನೆಗಳ ಜಗಲಿಯ ಮೇಲೆ ಆ ಗರಿಗಳು ಕುಂಕುಮ ವಿಭೂತಿಗಳ ಪೂಜೆಯನ್ನು ಪಡೆದುವೇ ಹೊರತು ಓದುವ ಕಣ್ಣನ್ನು ಪಡೆಯಲಿಲ್ಲ. ಸಮತೆಯನ್ನು ಸಾರಿದ ಗರಿಯನ್ನು ಪೂಜಿಸಿದ ಕೈಗಳೇ ಹೊಸ್ತಿಲಲ್ಲಿ ನಿಂತವನ ಕುಲವನ್ನು ಕೇಳಿದವು. ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಕಟ್ಟುಗಳನ್ನು ಬಿಚ್ಚಿಸಿ, ಪ್ರತಿ ಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚಿಗೆ ತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು.

ಆ ಸಂಪುಟಗಳಲ್ಲಿ ಮಂತ್ರಿಯ ನುಡಿಯೂ ಅಂಬಿಗನ ನುಡಿಯೂ ಒಂದೇ ಅಳತೆಯ ಅಕ್ಷರಗಳಲ್ಲಿವೆ. ಸೂಳೆ ಸಂಕವ್ವೆಯದು ದೊರೆತಿರುವುದು ಒಂದೇ ವಚನ. ಅದರಲ್ಲಿ ಆಕೆ ತನ್ನ ವೃತ್ತಿಯನ್ನು ಮರೆಮಾಚಿಲ್ಲ. ಕಲ್ಯಾಣವು ಕೆಟ್ಟು ಚೆದುರಿದ ಮೇಲೆ, ಪ್ರತಿ ಮಾಡುವವನು ಗರಿಯೊಂದನ್ನು ಉಳಿಸಲು ಆ ನಾಲ್ಕು ಸಾಲನ್ನು ಬಿಟ್ಟುಬಿಡಬಹುದಿತ್ತು. ಬಿಡದೆ ಬರೆದುಕೊಂಡ ಆ ಕೈ ಯಾರದೋ, ಅವರ ಹೆಸರು ಯಾವ ಗರಿಯಲ್ಲಿಯೂ ಇಲ್ಲ.